ಘಾಟಿ ಹತ್ತಿ ಬಂದವರಿಗೆ ಮೊದಲು ನೀರು

ಮಗಾ,

ನಿನಗೆ ಹಡಗಿನ ಕೆಲಸ ಸಿಕ್ಕಿತು ಎಂದು ಅಕ್ಕ ಫೋನು ಮಾಡಿದಾಗ ನಾನು ಕೋಸಿನ ಹೊಲದಲ್ಲಿದ್ದೆ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಬದುವಿನ ಮೇಲೆಯೇ ಕೂತಿದ್ದೆ. ಹದಿನೇಳು ವರ್ಷ ನಾನು ಮಾಡಿ ಬಿಟ್ಟು ಬಂದ ಕೆಲಸಕ್ಕೆ ನನ್ನ ಸೋದರಳಿಯ ಹೊರಟು ನಿಂತಿದ್ದಾನೆ. ಸಂತೋಷವಾಯಿತು, ಹೊಟ್ಟೆಯೊಳಗೆ ಒಂದು ಸಂಕಟವೂ ಎದ್ದಿತು. ಮೊನ್ನೆ ಮನೆಗೆ ಬಂದವನು “ಮಾವ, ಅಲ್ಲಿ ಕಷ್ಟ ಅಂದ್ರೆ ಯಾವುದು?” ಎಂದು ಕೇಳಿದೆ. ನಾನು “ನಿದ್ದೆ” ಅಂದುಬಿಟ್ಟೆ. ಅದು ಸುಳ್ಳಲ್ಲ. ಆದರೆ ಆ ರಾತ್ರಿ ಮಲಗಿದಾಗ ನಿನಗೆ ಅರ್ಧ ಉತ್ತರ ಕೊಟ್ಟು ಕಳಿಸಿದೆ ಅನ್ನಿಸಿತು. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮಜ್ಜಿಯ ಟೀ ಅಂಗಡಿಯನ್ನು ನೀನು ನೋಡಿಲ್ಲ. ಹಾಸನೂರಿನಲ್ಲಿ ರಸ್ತೆ ಪಕ್ಕ, ಜಿಂಕ್ ಶೀಟಿನ ಕೆಳಗೆ ಎರಡು ಬೆಂಚು, ಒಂದು ಒಲೆ. ಮೈಸೂರಿಗೂ ಕೊಯಮತ್ತೂರಿಗೂ ಓಡಾಡುವ ಬಸ್ಸುಗಳು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದವು. ಸತ್ಯಮಂಗಲದ ಕಡೆಯ ಬಸ್ಸು ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ಬರುವುದು. ಇಳಿದವರಲ್ಲಿ ಅರ್ಧ ಜನ ತಲೆ ಹಿಡಿದುಕೊಂಡಿರುತ್ತಿದ್ದರು, ಮಕ್ಕಳು ವಾಂತಿ ಮಾಡಿಕೊಂಡಿರುತ್ತಿದ್ದವು. ಚಾಮರಾಜನಗರದ ಕಡೆಯ ಬಸ್ಸಿನವರು ಹಾಗಲ್ಲ, ಇಳಿದ ಕೂಡಲೇ ಬಿಸಿ ಬಿಸಿ ಟೀ ಬೇಕು ಅವರಿಗೆ. ಅವ್ವ ಬಸ್ಸು ಯಾವ ಕಡೆಯಿಂದ ಬಂತು ಎಂದು ನೋಡಿಯೇ ಕೈ ಹಾಕುತ್ತಿದ್ದಳು. ಘಾಟಿ ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ಟೀ, ಮಾತು ಕೊನೆಗೆ. ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ ಅವಳು ಕೂತದ್ದನ್ನು ನಾನು ಕಂಡಿಲ್ಲ. ಲೋಟಗಳಿಗೆ ಬಿಸಿನೀರು ಸುರಿಯುವಳು, ಬೆಂಚು ಒರೆಸುವಳು, ಹೊರಗಿನ ಕೊಡ ತುಂಬಿಸುವಳು, ತಿರುವಿನ ಕಡೆ ಕಿವಿ ಕೊಟ್ಟು ನಿಲ್ಲುವಳು. ದೊಡ್ಡ ಹಡಗಿನಲ್ಲಿ ನಾನು ಮಾಡಿದ್ದು ಅದನ್ನೇ. ನೀನು ಮಾಡಲಿರುವುದೂ ಅದನ್ನೇ.

ಹಡಗಿನ ವಾರಕ್ಕೆ ಸೋಮವಾರ ಭಾನುವಾರ ಇಲ್ಲ. ಅಲ್ಲಿ ವಾರ ತಿರುಗುವುದು ಟರ್ನ್‌ಅರೌಂಡ್ ದಿನದ ಸುತ್ತ. ಹಿಂದಿನ ರಾತ್ರಿಯೇ ಪ್ರಯಾಣಿಕರು ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡುತ್ತಾರೆ. ಬೆಳಿಗ್ಗೆ ಏಳರಿಂದ ಅವರು ಇಳಿಯಲು ಶುರು, ಒಂಬತ್ತೂವರೆ ಹತ್ತರ ಹೊತ್ತಿಗೆ ಹಡಗು ಖಾಲಿ. ಹನ್ನೊಂದಕ್ಕೆ ಹೊಸಬರು ಹತ್ತಲು ಶುರುಮಾಡಿರುತ್ತಾರೆ, ಒಂದು ಗಂಟೆಗೆ ಕೋಣೆ ತಯಾರಿರಬೇಕು. ನಿನ್ನ ಕೈಕೆಳಗೆ ಹದಿನೈದರಿಂದ ಇಪ್ಪತ್ತು ಕೋಣೆ. ಹಾಸಿಗೆ ಬಿಚ್ಚು, ಹಾಸು, ಬಚ್ಚಲು ತೊಳೆ, ಕಸ ತೆಗೆ, ಲೈಫ್ ಜಾಕೆಟ್ ಲೆಕ್ಕ ನೋಡು. ನಿನ್ನೆ ರಾತ್ರಿ ಒಬ್ಬರು ನಕ್ಕು ಅತ್ತು ಮಲಗಿದ್ದ ಹಾಸಿಗೆ ಮಧ್ಯಾಹ್ನಕ್ಕೆ ಯಾರೂ ಮುಟ್ಟದ ಹಾಸಿಗೆಯಾಗಬೇಕು. ಮೊದಲ ಎರಡು ತಿಂಗಳು ಬೆನ್ನು ನೋಯುತ್ತದೆ, ಆಮೇಲೆ ಪಳಗುತ್ತದೆ. ಮನಸ್ಸು ಪಳಗುವುದು ಅಷ್ಟು ಸುಲಭವಲ್ಲ. ಈ ಕಾಗದ ಬರೆಯಲು ಕೂತದ್ದು ಅದಕ್ಕಾಗಿ.

2009ರ ಬೇಸಿಗೆ. ನಮ್ಮ ಹಡಗು ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿ ಏಳು ದಿನಕ್ಕೆ ವಾಪಸು ಬರುತ್ತಿತ್ತು. ಒಂದು ವಾರ ನನ್ನ ಪಾಲಿನ ಕೋಣೆಯೊಂದಕ್ಕೆ ಒಬ್ಬ ಅಜ್ಜಿ ಬಂದರು. ಮೈಸೂರಿನವರು, ಮಗ ಅಮೆರಿಕದಲ್ಲಿ. ಮಗ ಸೊಸೆ ಮೊಮ್ಮಕ್ಕಳು ಮೇಲೆ ಡೆಕ್ಕಿನಲ್ಲಿ ಓಡಾಡಿಕೊಂಡಿದ್ದರೆ ಈಯಮ್ಮ ಕೋಣೆಯಲ್ಲೇ ಕೂತಿರುತ್ತಿದ್ದರು. ಮೊದಲ ದಿನ ಸಂಜೆ ಹಾಸಿಗೆ ಸರಿಮಾಡಲು ಹೋದಾಗ ತಟ್ಟೆಯ ಊಟ ಮುಟ್ಟಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಏನೋ ಕೇಳಿದೆ, ಅವರು ಕೈಯಾಡಿಸಿದರು. ಮೇಜಿನ ಮೇಲೆ ಕನ್ನಡ ಮಾಸಪತ್ರಿಕೆ ಕಂಡಿತು. “ಬಿಸಿನೀರು ತರ್ಲಾ ಅವ್ವಾ?” ಅಂದೆ. ಆಯಮ್ಮನ ಮುಖ ನೀನು ನೋಡಬೇಕಿತ್ತು. ಯಾವೂರಪ್ಪಾ ಅಂದರು. ತಾಳವಾಡಿ ಅಂದೆ, ಗೊತ್ತಾಗಲಿಲ್ಲ. ಗಾಜನೂರಿನ ಪಕ್ಕ ಅಂದೆ. “ಅಣ್ಣಾವ್ರ ಊರಾ!” ಎಂದು ಎದ್ದೇ ನಿಂತರು. (ನಮ್ಮೂರಿನ ಹೆಸರು ಹೊರಗೆ ಯಾರಿಗೂ ತಿಳಿಯದು, ಡಾ. ರಾಜ್‌ಕುಮಾರ್ ಹುಟ್ಟಿದ ಊರಿನ ನೆರೆಯವರು ಎಂದರೆ ಮಾತ್ರ ಕನ್ನಡದವರಿಗೆ ದಾರಿ ಸಿಗುತ್ತದೆ. ನೀನೂ ಹಾಗೇ ಹೇಳು.)

ಆ ಏಳು ದಿನ ನಾನು ದಿನಕ್ಕೆ ಎರಡು ಸಲ ಹೋಗಬೇಕಾದ ಕೋಣೆಗೆ ಐದು ಸಲ ಹೋದೆ. ಅಡುಗೆಮನೆಯ ಗೋವೆಯ ಗೆಳೆಯನನ್ನು ಕಾಡಿ ಬೇಡಿ ಮೆತ್ತಗಿನ ಅನ್ನ, ಮೊಸರು ಹೊಂದಿಸಿದೆ. ಕೊನೆಯ ಬೆಳಿಗ್ಗೆ ಆಯಮ್ಮ ಸೀರೆಯ ಮಡಿಕೆಯಿಂದ ಒಂದು ಪೊಟ್ಟಣ ಚಟ್ನಿಪುಡಿ ತೆಗೆದು ನನ್ನ ಕೈಗಿಟ್ಟು, ತಲೆ ಸವರಿ ಹೋದರು. ಆಗ ನನ್ನ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಸುದ್ದಿ ಬಂದಾಗ ನಾನು ನಡುಸಮುದ್ರದಲ್ಲಿದ್ದೆ, ಮನೆಯ ಬಾಗಿಲಿಗೆ ಬಂದದ್ದು ತಿಥಿ ಕಳೆದ ಮೇಲೆ. ಇದು ನಿನಗೆ ಗೊತ್ತು. ಆ ಬೆಳಿಗ್ಗೆ ನನಗೆ ಇನ್ನೊಮ್ಮೆ ಹಾಗೇ ಆಯಿತು. ಕೈ ಹಾಸಿಗೆ ಬಿಚ್ಚುತ್ತಿತ್ತು, ಜೀವ ಆ ದಿಂಬಿನ ಹತ್ತಿರ ನಿಂತುಬಿಟ್ಟಿತ್ತು.

ಪ್ರತಿ ಟರ್ನ್‌ಅರೌಂಡ್ ದಿನ ಮೇಲ್ವಿಚಾರಕ ಒಂದು ಚೀಟಿ ಕೊಡುತ್ತಾನೆ. ಯಾವ ಕೋಣೆಗೆ ಎಷ್ಟು ಜನ, ಕೂಸಿಗೆ ತೊಟ್ಟಿಲು ಬೇಕೇ, ಗಾಲಿಕುರ್ಚಿ ಇದೆಯೇ, ಕಣ್ಣು ಕಿವಿಯ ತೊಂದರೆ ಇದೆಯೇ, ಎಲ್ಲ ಅದರಲ್ಲಿರುತ್ತದೆ. ಆ ದಿನ ಚೀಟಿಯನ್ನು ಮಡಚಿ ಜೇಬಿಗಿಟ್ಟವನು ಓದಲೇ ಇಲ್ಲ. ಅಜ್ಜಿ ಖಾಲಿ ಮಾಡಿದ ಕೋಣೆಗೆ ಬಂದದ್ದು ವಯಸ್ಸಾದ ಗಂಡ ಹೆಂಡತಿ, ಇಬ್ಬರಿಗೂ ಕಿವಿ ಕೇಳದು. ಅಂಥವರ ಕೋಣೆಗೆ ಒಂದು ಪೆಟ್ಟಿಗೆ ಇಡಬೇಕು. ಬಾಗಿಲು ತಟ್ಟಿದರೆ, ಅಪಾಯದ ಗಂಟೆ ಹೊಡೆದರೆ ದೀಪ ಮಿನುಗುತ್ತದೆ, ದಿಂಬಿನ ಕೆಳಗಿನ ಬಿಲ್ಲೆ ಅದುರುತ್ತದೆ. ನಾನು ಇಟ್ಟಿರಲಿಲ್ಲ. ಸಂಜೆ ಹಡಗು ಬಿಡುವ ಮೊದಲು, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸುವ ಮಸ್ಟರ್ ಡ್ರಿಲ್ ಗಂಟೆಯಾಯಿತು, ಏಳು ಗಿಡ್ಡ ಒಂದು ಉದ್ದ. ಸಾವಿರಾರು ಜನ ತಮ್ಮ ತಮ್ಮ ಜಾಗಕ್ಕೆ ಬಂದರು. ಎರಡು ಹೆಸರು ಬರಲಿಲ್ಲ. ಹುಡುಕಲು ನನ್ನನ್ನೇ ಅಟ್ಟಿದರು. ಕೋಣೆಯ ಬಾಗಿಲು ಬಡಿದು ಬಡಿದು, ಕೊನೆಗೆ ಮಾಸ್ಟರ್ ಕೀಲಿಯಿಂದ ತೆಗೆದು ಒಳಗೆ ಹೋದರೆ, ಇಬ್ಬರೂ ಬಾಲ್ಕನಿಯಲ್ಲಿ ಕೂತು ಬಂದರನ್ನು ನೋಡುತ್ತಾ ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ತಲೆಯ ಮೇಲೆ ಗಂಟೆ ಅರಚುತ್ತಲೇ ಇದೆ. ನನ್ನನ್ನು ನೋಡಿ ಆಯಮ್ಮ ನಕ್ಕು ಕೈಬೀಸಿದರು.

ನನಗೆ ಕಾಲಿನ ಬಲವೇ ಹೋಯಿತು, ಮಗಾ. ಅದು ಡ್ರಿಲ್. ನಡುರಾತ್ರಿಯ ಬೆಂಕಿಯಾಗಿದ್ದರೆ?

ಹೋದವರನ್ನು ಪ್ರೀತಿಸಿದ್ದು ನನ್ನ ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ಹಳಬರು ನಿನಗೆ ಹೇಳುತ್ತಾರೆ: ಯಾರನ್ನೂ ಹಚ್ಚಿಕೊಳ್ಳಬೇಡ, ನಗು ಮುಖಕ್ಕೆ ಮೆತ್ತಿಕೋ, ಟಿಪ್ಸು ಎಣಿಸು, ಮುಂದಿನ ವಾರಕ್ಕೆ ಹೋಗು. ಆ ಮಾತು ಕೇಳಬೇಡ. ಹಾಗೆ ಹತ್ತು ವರ್ಷ ಬದುಕಿದವರನ್ನು ಕಂಡಿದ್ದೇನೆ, ಮನೆಗೆ ಬಂದರೂ ಅವರ ನಗು ಹಾಗೇ ಮೆತ್ತಿಕೊಂಡಿರುತ್ತದೆ. ಹಚ್ಚಿಕೋ. ಆದರೆ ಹೋಗುವವರನ್ನು ಗ್ಯಾಂಗ್‌ವೇ ಕಡೆ ಕಳಿಸಿ ಹಿಂತಿರುಗಿದ ಕೂಡಲೇ ಚೀಟಿ ಬಿಡಿಸಿ ನಿಂತಲ್ಲೇ ಪೂರ್ತಿ ಓದು. ಹಾಸಿಗೆ ಆಮೇಲೆ ಬಿಚ್ಚು. ಬರುವವರು ಯಾವ ಘಾಟಿ ಹತ್ತಿ ಬರುತ್ತಿದ್ದಾರೆ ಎನ್ನುವುದು ಅದರಲ್ಲಿರುತ್ತದೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಆ ಎರಡು ಮೂರು ಗಂಟೆಯೇ ನಿನ್ನ ನಿಜವಾದ ಕೆಲಸ, ಉಳಿದ ಆರು ದಿನ ಅದರ ಬೆನ್ನಿಗೆ ಬರುತ್ತವೆ.

ಡ್ರಿಲ್ಲಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಬಡಿಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಹಡಗು, ಸತ್ತವರು 32. ಆ ಸಂಜೆ ಚಿವಿತಾವೆಕಿಯಾದಲ್ಲಿ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮ ಹೇಳುತ್ತಿತ್ತು. ಹೊಸದಾಗಿ ಬಂದವರಿಗೆ ಮೆಟ್ಟಿಲು ಯಾವ ಕಡೆ ಎಂದೇ ತಿಳಿಯದ ಮೊದಲ ರಾತ್ರಿಯಲ್ಲೇ ಅದು ಆಗಿಹೋಯಿತು. ಆಮೇಲೆ ನಿಯಮ ತಿದ್ದಿದರು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಬೇಕು. ಆ ಹಡಗಿನಲ್ಲಿ ನಮ್ಮ ದೇಶದ ಒಬ್ಬ ವೇಟರ್ ಇದ್ದ, ಮುಂಬೈ ಕಡೆಯವನು. ಎಲ್ಲರಿಗಿಂತ ಕೊನೆಗೆ, 2014ರ ನವೆಂಬರಿನಲ್ಲಿ ಅವನ ದೇಹ ಸಿಕ್ಕಿತು. ನಿನ್ನ ಹಾಗೇ ಹಡಗಿನ ಕೆಲಸಕ್ಕೆ ಹೋದವನು.

ವಾರಕ್ಕೊಮ್ಮೆ ಅದೇ ಗಂಟೆ, ಅದೇ ಜಾಕೆಟ್, ಅದೇ ಮಾತು. ಇಪ್ಪತ್ತನೇ ವಾರಕ್ಕೆ ನಿನಗೆ ಬೇಸರ ಹತ್ತುತ್ತದೆ. ಆಗ ನಿಮ್ಮಪ್ಪ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕೂರುವುದನ್ನು ನೆನೆ. ತಿಂಗಳುಗಟ್ಟಲೆ ಆನೆ ಬರುವುದಿಲ್ಲ. ನಿದ್ದೆ ಬಂದುಬಿಟ್ಟಿತು ಎನ್ನುವ ಒಂದು ರಾತ್ರಿ ಬಂದು ಬೆಳೆಯನ್ನೆಲ್ಲ ತುಳಿದು ಹೋಗುತ್ತದೆ. ನಿನಗೆ ಇದು ನೂರನೇ ಡ್ರಿಲ್ಲಾದರೂ ಎದುರು ನಿಂತವರಿಗೆ ಮೊದಲನೆಯದು.

ನಿದ್ದೆಯ ಮಾತು ಹೇಳಿದ್ದೆನಲ್ಲ. ಕಾನೂನು ನಿನ್ನ ಕಡೆಗಿದೆ. ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ 2006ರದು, ನಮ್ಮ ದೇಶ 2015ರಲ್ಲಿ ಅದನ್ನು ಅನುಮೋದಿಸಿದೆ. ಅದರ ಪ್ರಕಾರ ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. 10 ಗಂಟೆಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು. ಗಂಟೆಯ ದಾಖಲೆಗೆ ನಿನ್ನ ಸಹಿ ಕೇಳುತ್ತಾರೆ. ಮಾಡದ ವಿಶ್ರಾಂತಿಗೆ ಸಹಿ ಹಾಕಬೇಡ. ಸಿಕ್ಕ 6 ಗಂಟೆಯನ್ನು ಫೋನು ನೋಡುತ್ತಾ ಕಳೆಯಲೂ ಬೇಡ. ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆ, ಕಿಟಕಿ ಇಲ್ಲ, ಒಂದರ ಮೇಲೊಂದು ಮಂಚ. ಹಗಲು ರಾತ್ರಿ ಒಂದೇ ಆಗಿಬಿಡುತ್ತದೆ. ಬಂದರು ಸಿಕ್ಕಾಗ ಅರ್ಧ ಗಂಟೆಯಾದರೂ ಇಳಿದು ನೆಲ ಮೆಟ್ಟಿ ಬಾ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರ ಮಾಡಬೇಡ. ಏಜೆಂಟಿಗೆ ದುಡ್ಡು ಕೊಡಬೇಡ. ಅದೇ ಒಪ್ಪಂದದಲ್ಲಿ ಬರೆದಿದೆ: ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ನಿನ್ನ ಖರ್ಚು ಪಾಸ್‌ಪೋರ್ಟು, ವೈದ್ಯಕೀಯ ಸರ್ಟಿಫಿಕೇಟು, ಹಡಗು ಕೆಲಸಗಾರರ ಸಿಡಿಸಿ ಪುಸ್ತಕ, ಇಷ್ಟೇ. ವೀಸಾದ ಖರ್ಚು ಅವರದು. ಏಜೆಂಟನ ಹತ್ತಿರ ಹಡಗಿಗೆ ಜನ ಸೇರಿಸುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಹಡಗು ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೀನೇ ನೋಡು. ನನ್ನ ಕಾಲದಲ್ಲಿ ಇದನ್ನು ಹೇಳುವವರಿರಲಿಲ್ಲ. ಒಬ್ಬ ದಲ್ಲಾಳಿಗೆ ಕೊಡಲು ನಿಮ್ಮಜ್ಜ ಜೋಡಿ ಎತ್ತು ಮಾರಿದರು. ಆತ ತೋರಿಸಿದ ಕೆಲಸ ಇರಲೇ ಇಲ್ಲ. ಆ ಎತ್ತುಗಳ ಕೊರಳಗಂಟೆ ಈಗಲೂ ನಮ್ಮ ಹಜಾರದ ಗೂಟದಲ್ಲಿದೆ.

ಹೆಸರಿನ ತೊಡಕು ನಮ್ಮ ಭಾಗದವರಿಗೆ ಹೆಚ್ಚು. ಕನ್ನಡ ಶಾಲೆಯ ಟಿಸಿಯಲ್ಲಿ ಒಂದು ಬಗೆ, ತಮಿಳಿನಲ್ಲಿ ಬರೆಸಿಕೊಂಡು ಇಂಗ್ಲಿಷಿಗೆ ತಿರುಗಿಸಿದ ಕಾರ್ಡಿನಲ್ಲಿ ಇನ್ನೊಂದು ಬಗೆ. ಮಹದೇವ ಇದ್ದವನು ಮಾದೇವನ್ ಆಗಿರುತ್ತಾನೆ. ಇನಿಷಿಯಲ್ಲನ್ನು ಅಪ್ಪನ ಹೆಸರಾಗಿ ಬಿಡಿಸಿ ಬರೆಸದಿದ್ದರೆ ಪಾಸ್‌ಪೋರ್ಟಿನಲ್ಲಿ ಒಂದು ಕಾಲಂ ಖಾಲಿ ಉಳಿಯುತ್ತದೆ, ಅಮೆರಿಕದ ವೀಸಾದಲ್ಲಿ ಅದು ಪೇಚಾಟ. ಎಲ್ಲ ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದು 2000ದಲ್ಲಿ. ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಅಣ್ಣಾವ್ರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿಕೊಂಡು ಹೋದ, ನವೆಂಬರ್ 15ರ ತನಕ 108 ದಿನ ಅವರು ಕಾಡಿನಲ್ಲಿದ್ದರು. ಈ ಭಾಗದ ಪೊಲೀಸರಿಗೆ ಬೇರೆ ಕೆಲಸವೇ ಇರಲಿಲ್ಲ. ನನ್ನ ಅರ್ಜಿಯ ಪರಿಶೀಲನೆಗೆ ಬಂದವರು ಹಡಗಿಗಿಂತ ಕಾಡಿನ ಬಗ್ಗೆ ಹೆಚ್ಚು ಕೇಳಿದರು. ನಿನಗೆ ಆ ಕಷ್ಟವಿಲ್ಲ.

ದುಡ್ಡು: ಸಂಬಳ ಅನಿವಾಸಿಗಳ ಎನ್‌ಆರ್‌ಇ ಖಾತೆಗೆ ಬರಲಿ. ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ದೇಶದಲ್ಲಿದ್ದವನು ಅನಿವಾಸಿ. ಆ ಲೆಕ್ಕಕ್ಕೆ ಸಿಡಿಸಿಯ ಮುದ್ರೆಗಳೇ ಸಾಕ್ಷಿ, ಪುಸ್ತಕ ಜೋಪಾನ. ಆರೋ ಒಂಬತ್ತೋ ತಿಂಗಳ ಕಾಂಟ್ರಾಕ್ಟ್ ಮುಗಿಸಿ ಮನೆಗೆ ಬಂದ ಎರಡು ತಿಂಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಅದಕ್ಕೆ ಮೊದಲೇ ತೆಗೆದಿಡು. ಮದುವೆ ಮನೆಯ ಸಾಲಕ್ಕೆ ಮೊದಲ ಕಾಂಟ್ರಾಕ್ಟಿನಲ್ಲೇ ಕೈ ಹಾಕಬೇಡ ಎಂದು ಅಕ್ಕನಿಗೂ ಹೇಳಿದ್ದೇನೆ.

ಇಂಗ್ಲಿಷ್ ಬರುವುದಿಲ್ಲ ಎಂದು ನೀನು ಕುಗ್ಗುವುದು ನನಗೆ ಗೊತ್ತು. ಕನ್ನಡ ಶಾಲೆಯಲ್ಲಿ ಓದಿ, ತಮಿಳಿನಲ್ಲಿ ಅರ್ಜಿ ತುಂಬಿ, ಕೊಯಮತ್ತೂರಿನಲ್ಲಿ ಕೇಟರಿಂಗ್ ಕಲಿತವನು ನೀನು. 1956ರಲ್ಲಿ ರಾಜ್ಯಗಳನ್ನು ಮತ್ತೆ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದ್ರಾಸಿನಲ್ಲೇ ಉಳಿದೆವು. ಅಂದಿನಿಂದ ತಾಳವಾಡಿಯ ಮಗು ಎದುರಿನವರ ಮುಖ ನೋಡಿ ಯಾವ ಭಾಷೆ ತೆಗೆಯಬೇಕು ಎಂದು ತೂಗಿಯೇ ಬಾಯಿ ಬಿಡುತ್ತದೆ. ಬಸ್ ಕಂಡಕ್ಟರಿಗೆ ಒಂದು, ಅಜ್ಜಿಗೆ ಒಂದು, ಕಾಡಿನಿಂದ ಜೇನು ತರುವ ಸೋಲಿಗರಿಗೆ ಇನ್ನೊಂದು ಬಗೆ. ಹಡಗಿನಲ್ಲಿ ಐವತ್ತು ದೇಶದವರು ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ. ಒಂದೇ ಭಾಷೆಯಲ್ಲಿ ಬೆಳೆದವರು ಅಲ್ಲಿ ತಡವರಿಸುತ್ತಾರೆ. ನಿನಗೆ ಮೂರು ತಿಂಗಳು ಸಾಕು. ಹೆಸರುಗಳನ್ನು ಮಾತ್ರ ಕಲಿ. ಪ್ರಯಾಣಿಕರ ಹೆಸರು ಮೊದಲ ದಿನವೇ, ಜೊತೆಗಾರರ ಹೆಸರು ಅವರು ಕರೆಸಿಕೊಳ್ಳುವ ಹಾಗೆಯೇ.

ಪ್ರಯಾಣಿಕರು ಬರುತ್ತಾರೆ, ಹೋಗುತ್ತಾರೆ, ಉಳಿಯುವವರು ಈ ಜೊತೆಗಾರರು. 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾಕ್ಕಾಗಿ ತಡೆದಾಗ ಒಳಗೆ 3,711 ಜನರಿದ್ದರು. ನಮ್ಮ ದೇಶದ ಸಿಬ್ಬಂದಿಯೇ 132. ಪ್ರಯಾಣಿಕರು ಕೋಣೆಯೊಳಗೆ ಬಾಗಿಲು ಹಾಕಿಕೊಂಡರು, ಆ ಬಾಗಿಲಿಗೆ ಊಟ ಮುಟ್ಟಿಸಿದವರು ಇವರು. ನಾನು ಆಗ ಊರಿಗೆ ಬಂದು ಎರಡು ವರ್ಷ, ಟೀವಿಯ ಮುಂದೆ ಕೂತು ಆ ಕಾರಿಡಾರುಗಳನ್ನು ಗುರುತಿಸುತ್ತಿದ್ದೆ. ನಿನ್ನ ಕೋಣೆಯ ಜೊತೆಗಾರ ಎರಡು ದಿನ ಮಾತಾಡದಿದ್ದರೆ ಕೇಳು. ಮನೆಯ ಸುದ್ದಿ ಕೆಟ್ಟದ್ದಿರುತ್ತದೆ, ಇಲ್ಲವೇ ಸುದ್ದಿಯೇ ಬಂದಿರುವುದಿಲ್ಲ.

ಇನ್ನು, ನಿನಗೆ ಯಾರೂ ಹೇಳದ ಮಾತು. ಹಡಗಿನಲ್ಲಿ ಬಂದು ಹೋಗುವವರು ಪ್ರಯಾಣಿಕರು. ಮನೆಯಲ್ಲಿ ಬಂದು ಹೋಗುವವನು ನೀನು.

ನನ್ನ ಮೂರನೇ ಕಾಂಟ್ರಾಕ್ಟ್ ಮುಗಿಸಿ ಬಂದ ದಿನ ಮಗಳಿಗೆ ನಾಲ್ಕು ವರ್ಷ. ಪೆಟ್ಟಿಗೆ ಇಳಿಸಿ ಅಂಗಳದಲ್ಲಿ ನಿಂತಿದ್ದೆ. ಕೂಸು ಒಳಗಿನಿಂದ ಎರಡೂ ಕೈಯಲ್ಲಿ ಚೊಂಬು ಹಿಡಿದು, ತುಳುಕದ ಹಾಗೆ ನಡೆದು ಬಂದು ನನಗೆ ನೀರು ಕೊಟ್ಟಿತು. ಕೊಟ್ಟು ಮೂರು ಹೆಜ್ಜೆ ಹಿಂದೆ ಸರಿದು, ಕಂಬದ ಪಕ್ಕ ಕೈಕಟ್ಟಿ ನಿಂತಿತು, ನೆಂಟರ ಮುಂದೆ ನಿಲ್ಲುವ ಹಾಗೆ. ಅವ್ವ ಕಲಿಸಿದ್ದು. ಘಾಟಿ ಹತ್ತಿ ಬಂದವರಿಗೆ ಮೊದಲು ನೀರು. ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಆ ಸಲ ಎರಡು ತಿಂಗಳೂ ನನಗೆ ಕೋಳಿಸಾರು, ಹೊಸ ದುಪ್ಪಟಿ, ತಡವಾಗಿ ಏಳುವ ಮರ್ಯಾದೆ. ಮಗಳು ಹೊಂದಿಕೊಳ್ಳುವ ಹೊತ್ತಿಗೆ ಟಿಕೆಟ್ಟು ಬಂತು. ಮುಂದಿನ ಸಲ ಬಂದ ಎರಡನೇ ದಿನವೇ ಬೆಳಿಗ್ಗೆ ಐದಕ್ಕೆ ಎದ್ದು ಹಸುವಿನ ಕೊಟ್ಟಿಗೆ ಬಾಚಿದೆ. ನಿಮ್ಮತ್ತೆ ಬೇಡ ಬೇಡ ಅಂದಳು. ಬಿಡಲಿಲ್ಲ. ಮಗಳನ್ನು ಶಾಲೆಗೆ ಬಿಡುವ ಕೆಲಸ ನನ್ನದೇ ಮಾಡಿಕೊಂಡೆ. ದೀಪಾವಳಿ ಮುಗಿದ ಮೇಲೆ, ಸಗಣಿ ಎರಚಾಡುವ ಗುಮಟಾಪುರದ ಗೊರೆಹಬ್ಬಕ್ಕೆ ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಸಗಣಿ ಉಂಡೆಯೊಂದು ತಾಗಿ ಇಬ್ಬರ ಬಟ್ಟೆಯೂ ಹಾಳಾಯಿತು. ಕೂಸು ನನ್ನ ತಲೆಗೂದಲು ಹಿಡಿದು ಕಿರುಚಿ ಕಿರುಚಿ ನಕ್ಕಿತು. ಅವತ್ತು ನಾನು ಮನೆಗೆ ಬಂದದ್ದು.

ಅಕ್ಕ ನಿನ್ನನ್ನು ಕೂರಿಸಿ ಉಪಚಾರ ಮಾಡುತ್ತಾಳೆ. ಒಂದು ದಿನ ಮಾಡಿಸಿಕೋ. ಮೂರನೇ ರಾತ್ರಿ ಕಂಬಳಿ, ಟಾರ್ಚು ತೆಗೆದುಕೊಂಡು ನಿಮ್ಮಪ್ಪನ ಜೊತೆ ಅಟ್ಟಣೆಗೆ ಹೋಗು. ಅವರಿಗೆ ಮಂಡಿ ನೋವಿದೆ, ನಿನಗೆ ಹೇಳಿಲ್ಲ. ಫೋನಿನಲ್ಲಿ ಮಾತಾಡುವಾಗ ಅಲ್ಲಿನ ಊರುಗಳ ಬಣ್ಣನೆಗಿಂತ ಇಲ್ಲಿನದನ್ನು ಹೆಚ್ಚು ಕೇಳು. ಯಾವ ಹೊಲಕ್ಕೆ ಏನು ಹಾಕಿದರು, ಕೋಸಿಗೆ ಏನು ರೇಟು ಬಂತು, ಯಾರ ಹಸು ಕರು ಹಾಕಿತು. ಅದನ್ನೆಲ್ಲ ತಿಳಿದುಕೊಂಡು ಬಂದವನಿಗೆ ಇಲ್ಲಿ ಯಾರೂ ಚೊಂಬು ಕೊಟ್ಟು ದೂರ ನಿಲ್ಲುವುದಿಲ್ಲ.

ವಿಮಾನ ಬೆಳಗಿನ ಜಾವದ್ದು ಎಂದು ಕೇಳಿದೆ. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಓಡಾಟಕ್ಕೆ ಕಟ್ಟುಪಾಡಿದೆ, ಬಾಡಿಗೆ ಕಾರನ್ನು ನಂಬಿ ತಡಮಾಡಬೇಡ. ಹಿಂದಿನ ದಿನ ಹಗಲಲ್ಲೇ ಇಳಿದು ಕೊಯಮತ್ತೂರಿನಲ್ಲಿ ಮಲಗು. ಹಾಸನೂರಿನ ತನಕ ನಾನೂ ಬಸ್ಸಿನಲ್ಲಿ ಬರುತ್ತೇನೆ. ಅವ್ವನ ಅಂಗಡಿ ಇದ್ದ ಜಾಗ ತೋರಿಸಬೇಕು ನಿನಗೆ.

ನಿನ್ನ ಮಾವ